ಹಣ್ಣು ಮಾಡೋ ಮಿಷನ್ನು

ನಮ್ಮ ಬೀದಿಯಲ್ಲಿ ನನ್ನ ಗುರುತು "ಇನ್ನೂ ಓದ್ತಾ ಇರೋಳು" ಎಂದು. ಬ್ಯಾಟರಾಯನಪುರದ ಹಳೇ ಊರಿನ ಮುನಿರಾಮಯ್ಯನವರ ಮಗಳು ಬಿಂದುಶ್ರೀ ಎಂದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. "ಅದೇ, ಇನ್ನೂ ಓದ್ತಾ ಇರೋಳು" ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಪಿಎಚ್‌ಡಿ ಮುಗಿದು ಯಾವ ಕಾಲವಾಯಿತು. ಈಗ ಮಾಡುತ್ತಿರುವುದು ಪೋಸ್ಟ್‌ಡಾಕ್. ಅಂದರೆ ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ, ನಡುವೆ ಮಾನ ಹೋಗದಿರಲಿ ಎಂದು ಕೊಟ್ಟಿರುವ ಹೆಸರು ಅದು. ಆಗಾಗ ಯಾರಾದರೂ ದೊಡ್ಡವರು ಬಂದು ನೋಡಿ, ಇವಳನ್ನು ಇನ್ನಷ್ಟು ದಿನ ಇಟ್ಟುಕೊಳ್ಳಬಹುದು ಎಂದು ತಲೆಯಾಡಿಸಬೇಕು. ಇದು ನನ್ನ ಮೂರನೆಯ ಪೋಸ್ಟ್‌ಡಾಕ್. ನನ್ನ ಜೊತೆ ಓದಿದವರ ಮಕ್ಕಳು ಹೈಸ್ಕೂಲು ಸೇರಿದ್ದಾರೆ.

ಮಾಡುವ ಕೆಲಸ ಏನೆಂದರೆ, ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು, ಅದಕ್ಕೆ ಕರೆಂಟು ಕೊಟ್ಟು, ಉಪಯೋಗಕ್ಕೆ ಬರುವ ಇನ್ನೊಂದು ಅನಿಲವನ್ನಾಗಿ ಬದಲಾಯಿಸುವುದು. ಅದಕ್ಕೊಂದು ಪೆಟ್ಟಿಗೆ. ಒಂದು ಕಡೆಯಿಂದ ಪಂಪು ಗಾಳಿಯನ್ನು ಒಳಗೆ ಎಳೆಯುತ್ತದೆ, ಒಳಗಿನ ದ್ರಾವಣ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ, ಅಲ್ಲಿಂದ ಮುಂದೆ ತಾಮ್ರದ ತಗಡಿನ ಮೇಲೆ ಕರೆಂಟು ಹರಿದು ಅದು ಎಥಿಲೀನ್ ಆಗಬೇಕು. ಆಗಬೇಕು ಅನ್ನುವುದನ್ನು ಸ್ವಲ್ಪ ಒತ್ತಿ ಓದಿಕೊಳ್ಳಿ. ನನ್ನ ಪೆಟ್ಟಿಗೆಯಿಂದ ಬರುತ್ತಿದ್ದುದು ಬರೀ ಹೈಡ್ರೋಜನ್. ನೀರಿಗೆ ಕರೆಂಟು ಕೊಟ್ಟರೆ ಹೈಡ್ರೋಜನ್ ಬಂದೇ ಬರುತ್ತದೆ. ಶಾಲೆಯ ಮಕ್ಕಳು ಲೋಟದಲ್ಲಿ ಎರಡು ಪೆನ್ಸಿಲ್ ಕಡ್ಡಿ ನಿಲ್ಲಿಸಿ, ಬ್ಯಾಟರಿ ಕೊಟ್ಟು ತೋರಿಸುತ್ತಾರೆ. ಅದನ್ನೇ ನಾನು ಜರ್ಮನಿಯ ಪಂಪು ಇಟ್ಟುಕೊಂಡು, ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಂಡು ಮಾಡುತ್ತಿದ್ದೆ.

ಮೇ ತಿಂಗಳ ಕೊನೆಗೆ ಆ ತಲೆಯಾಡಿಸುವವರು ಬರುವವರಿದ್ದರು. ಎಥಿಲೀನ್ ಕಂಡರೆ ಇನ್ನೆರಡು ವರ್ಷ ಕೆಲಸ. ಕಾಣದಿದ್ದರೆ ಐಡಿ ಕಾರ್ಡು ವಾಪಸ್ಸು ಕೊಟ್ಟು ಮನೆಗೆ. ಅಷ್ಟೇ ವಿಷಯ. ಭೂಮಿ ಉಳಿಸುವ ಕಥೆ ಏನಾಯಿತು ಎಂದು ಕೇಳಬೇಡಿ, ನನ್ನನ್ನು ಉಳಿಸಿಕೊಂಡರೆ ಸಾಕಾಗಿತ್ತು ನನಗೆ.

ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಪ್ರೊಫೆಸರ್ ವೀರಬಸಪ್ಪನವರ ತಲೆಗೆ ಹೊಳೆದ ಒಂದು ಯೋಚನೆಯಿಂದ. ಸಿಲಿಂಡರಿನ ಶುದ್ಧ ಅನಿಲದಲ್ಲಿ ಎಲ್ಲರೂ ಮಾಡುತ್ತಾರೆ, ನಾವು ಅಸಲೀ ಬೆಂಗಳೂರಿನ ಗಾಳಿಯಲ್ಲಿ ಮಾಡಿ ತೋರಿಸೋಣ ಎಂದರು. ಯಲಹಂಕದಾಚೆ ಇರುವ ನಮ್ಮ ಸಂಸ್ಥೆಯ ಆವರಣದಲ್ಲಿ ಗಾಳಿ ವಿಪರೀತ ಚೆನ್ನಾಗಿತ್ತು. ಮರಗಳು, ನವಿಲುಗಳು, ಬೆಳಿಗ್ಗೆ ಯೋಗ ಮಾಡುವ ನಿವೃತ್ತರು. "ಬಳ್ಳಾರಿ ರೋಡ್ ಪಕ್ಕ ಯಾರದ್ದಾದ್ರೂ ಮನೆ ಇದೆಯೇನ್ರಪ್ಪಾ?" ಎಂದು ಸರ್ ಕೇಳಿದರು. ನನ್ನ ಕೈ ತಾನಾಗಿ ಮೇಲೆದ್ದಿತು. ಶಾಲೆಯಲ್ಲೂ ಹೀಗೇ, ಉತ್ತರ ಗೊತ್ತಿಲ್ಲದಾಗಲೂ ಮೊದಲು ಕೈ ಎತ್ತುತ್ತಿದ್ದವಳು ನಾನೇ.

ನಮ್ಮದು ಮೂರಂತಸ್ತಿನ ಮನೆ, ಮೇಲೆಲ್ಲ ಬಾಡಿಗೆಯವರು. ಕೆಳಗೆ ರೋಡಿನ ಕಡೆಗೆ ಹಿಂದೆ ಕೊಟ್ಟಿಗೆಯಾಗಿದ್ದ ಒಂದು ಕೋಣೆ. ಎಮ್ಮೆಗಳು ಹೋದ ಮೇಲೆ ಅಪ್ಪ ಅದಕ್ಕೆ ಟೈಲ್ಸ್ ಹಾಕಿಸಿದ್ದರು, ಅಜ್ಜಿ ತನ್ನ ಹಳೇ ಮಂಚ ತಂದು ಹಾಕಿಕೊಂಡಿದ್ದಳು. ಅಜ್ಜಿಯ ಹೆಸರು ಸೊಣ್ಣಮ್ಮ, ಅಪ್ಪನ ತಾಯಿ. ಹಗಲೆಲ್ಲ ಆ ಮಂಚದ ಮೇಲೆ ಕೂತು ಬೀದಿಯ ಆಗುಹೋಗು ನೋಡಿಕೊಳ್ಳುವುದು ಅವಳ ಉದ್ಯೋಗ. ಆ ಕೋಣೆಯ ಇನ್ನೊಂದು ಮೂಲೆಯಲ್ಲಿ ಮೇಜು ಹಾಕಿ ನನ್ನ ಪೆಟ್ಟಿಗೆ, ಪಂಪು, ಎಷ್ಟು ಎಥಿಲೀನ್ ಬರುತ್ತಿದೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಮೀಟರು, ಎಲ್ಲ ಜೋಡಿಸಿದೆ. ಗಾಳಿ ಎಳೆಯುವ ಪೈಪನ್ನು ಕಿಟಕಿಯಿಂದ ರೋಡಿಗೆ ಬಿಟ್ಟೆ.

ಅಜ್ಜಿ ಹುಣಸೆ ಬೀಜ ಬಿಡಿಸುತ್ತಾ ಎಲ್ಲ ನೋಡಿದಳು. "ಏನೇ ಮಾಡ್ತದೆ ಇದು?"

"ಆಚೆ ಇರೋ ಕೆಟ್ಟ ಗಾಳಿನ ಎಳ್ಕೊಂಡು ಬೇರೆ ಗಾಳಿ ಮಾಡುತ್ತಜ್ಜಿ. ಎಥಿಲೀನ್ ಅಂತ."

"ಅದ್ರಿಂದ ಏನ್ ಬತ್ತದೆ?"

ಎಥಿಲೀನಿನಿಂದ ಪ್ಲಾಸ್ಟಿಕ್ ಮಾಡುತ್ತಾರೆ ಎನ್ನಬಹುದಿತ್ತು. ಅದೇ ಸರಿಯಾದ ಉತ್ತರ. ಆದರೆ ಪ್ಲಾಸ್ಟಿಕ್ ಎಂದರೆ, "ಇರೋದು ಸಾಲ್ದಾ?" ಅನ್ನುತ್ತಾಳೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳಿದೆ: "ಮಾವಿನಕಾಯಿ ಹಣ್ಣಾಗುತ್ತಲ್ಲ, ಅದನ್ನ ಹಣ್ಣು ಮಾಡೋದೇ ಆ ಗಾಳಿ."

ಅಜ್ಜಿಯ ಕೈ ನಿಂತಿತು. "ಕಾರ್ಬೈಡ್ ಇಲ್ದಂಗೆ?"

"ಕಾರ್ಬೈಡ್ ಇಲ್ದಂಗೆ."

"ದಿಟವಾಗ್ಲೂ?"

"ದಿಟ ಅಜ್ಜಿ."

ಅಜ್ಜಿಗೆ ಕಾರ್ಬೈಡ್ ಕಂಡರೆ ಆಗದು. ಅಂಗಡಿಯ ಹಣ್ಣನ್ನು ಮೂಸಿ, "ಇಸ" ಎಂದು ಹಿಂದಕ್ಕಿಡುವವಳು. ರಾಜಾನುಕುಂಟೆಯ ಹತ್ತಿರ ನಮಗೆ ಉಳಿದಿರುವ ತುಂಡು ಜಮೀನಿನಲ್ಲಿ ರಸಪುರಿ ಮರಗಳಿವೆ, ಚಿಕ್ಕಪ್ಪ ಲಕ್ಕಣ್ಣ ಪ್ರತಿವರ್ಷ ಕಾಯಿ ಕೀಳಿಸಿ ಕಳಿಸುತ್ತಾನೆ, ಅಜ್ಜಿ ಅದನ್ನು ಹುಲ್ಲು ಹಾಸಿ ಅಟ್ಟದ ಮೇಲೆ ಹಣ್ಣು ಮಾಡುತ್ತಾಳೆ. ಅವಳು ನನ್ನ ಪೆಟ್ಟಿಗೆಯನ್ನು ಅಂದು ನೋಡಿದ ರೀತಿಯಲ್ಲಿ ನನ್ನ ಸಂಶೋಧನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ನೋಡಿರಲಿಲ್ಲ. ಪರೀಕ್ಷಕರು ನೋಡಿರಲಿಲ್ಲ, ವೀರಬಸಪ್ಪನವರು ನೋಡಿರಲಿಲ್ಲ, ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ನನಗೆ ಖುಷಿಯಾಯಿತು. ಅಲ್ಲಿಗೆ ಅದನ್ನು ಮರೆತುಬಿಟ್ಟೆ.

ಏಪ್ರಿಲ್ ತಿಂಗಳಿಡೀ ಪರದೆಯ ಗೆರೆ ನೆಲ ಬಿಟ್ಟು ಏಳಲಿಲ್ಲ. ಮಾಡಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಕರೆಂಟು ಆರಿಸಿ ಬರೀ ಗಾಳಿ ಬಿಟ್ಟು ನೋಡುವುದು ಅದರಲ್ಲೊಂದು. ಕರೆಂಟಿಲ್ಲದೆಯೂ ಎಥಿಲೀನ್ ಕಂಡರೆ ಅದು ನಮ್ಮದಲ್ಲ, ಬೇರೆಲ್ಲಿಂದಲೋ ಬರುತ್ತಿದೆ ಎಂದು ಅರ್ಥ. ಏನೂ ಕಾಣಲಿಲ್ಲ. ಕರೆಂಟು ಹಾಕಿದಾಗಲೂ ಕಾಣಲಿಲ್ಲ, ಅದು ಬೇರೆ ಮಾತು. ಇದರ ಮಧ್ಯೆ ಮೆಟ್ರೋ ಕೆಲಸದ ಧೂಳು ಪೈಪಿಗೆ ತುಂಬಿ ಪಂಪು ಕೆಮ್ಮತೊಡಗಿತು. ನಾನು ಪೈಪನ್ನು ಕಿಟಕಿಯಿಂದ ಒಳಗೆ ಎಳೆದು ಮಂಚದ ಪಕ್ಕ ಬಿಟ್ಟೆ. ಕಿಟಕಿ ತೆರೆದೇ ಇರುತ್ತದಲ್ಲ, ಗಾಳಿ ಗಾಳಿಯೇ ತಾನೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ಹೊತ್ತಿಗೆ ತಾಮ್ರದ ತಗಡು ಕಪ್ಪಾಗಿತ್ತು. ಲ್ಯಾಬಿಗೆ ಹೋಗಿ ಆಸಿಡ್ ತರಲು ಸೋಮಾರಿತನ. ಅಜ್ಜಿ ತಾಮ್ರದ ಚೊಂಬು ಉಜ್ಜುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ತಂದು ಜೋಡಿಸಿದೆ. ಒಂದೆರಡು ದಿನ ಕಳೆದು ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಗೆರೆ ಎದ್ದು ನಿಂತಿದೆ!

ಅಯ್ಯೋ, ಆ ಬೆಳಗನ್ನು ಏನು ಹೇಳಲಿ. ಹಲ್ಲುಜ್ಜುವುದನ್ನೂ ಮರೆತು ಸರ್‌ಗೆ ಫೋನ್ ಮಾಡಿದೆ. ಅವರು ಬಾಯಿತುಂಬ ನಕ್ಕರು; ಅವರು ನಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

"ಬ್ಲ್ಯಾಂಕ್ ಮಾಡಿದ್ಯೇನಮ್ಮ? ಕರೆಂಟ್ ಇಲ್ದೆ ಚೆಕ್ ಮಾಡಿದ್ಯಾ?"

"ಮಾಡಿದ್ದೀನಿ ಸರ್," ಎಂದೆ. ಮಾಡಿದ್ದೆನಲ್ಲ, ಏಪ್ರಿಲ್‌ನಲ್ಲಿ. ಬಂದಿರುವ ಭಾಗ್ಯವನ್ನು ಆಫ್ ಮಾಡಿ ಪರೀಕ್ಷಿಸಲು ನನಗೆ ಧೈರ್ಯವಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಂಡಿತ್ಯ. ಎಥಿಲೀನ್ ಬಂದದ್ದು ಹುಣಸೆಹುಳಿಯಿಂದ ಎಂದು ತೀರ್ಮಾನಿಸಿದೆ. ಹುಳಿ ತಾಮ್ರದ ಮೇಲೆ ಸೂಕ್ಷ್ಮ ಗುಳಿಗಳನ್ನು ಮಾಡುತ್ತದೆ, ಆ ಗುಳಿಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಕ್ಕಿಕೊಳ್ಳುತ್ತದೆ ಎಂದು ಬಣ್ಣಬಣ್ಣದ ಚಿತ್ರ ಬರೆದೆ. ಸರ್ ಅದಕ್ಕೆ "ಭಾರತೀಯ ಅಡುಗೆಮನೆಯಿಂದ ಹವಾಮಾನ ಪರಿಹಾರ" ಎಂದು ಉಪಶೀರ್ಷಿಕೆ ಕೊಟ್ಟರು. ಗೆರೆ ದಿನದಿನಕ್ಕೆ ಏರುತ್ತಿತ್ತು, ಭಾನುವಾರ ಮಾತ್ರ ದಢಕ್ಕನೆ ಬೀಳುತ್ತಿತ್ತು. ಅದಕ್ಕೂ ನನ್ನ ಬಳಿ ವಿವರಣೆಯಿತ್ತು: ಭಾನುವಾರ ಬಳ್ಳಾರಿ ರೋಡಿನಲ್ಲಿ ಟ್ರಾಫಿಕ್ ಕಡಿಮೆ, ಹೊಗೆ ಕಡಿಮೆ, ಆದ್ದರಿಂದ ಎಥಿಲೀನ್ ಕಡಿಮೆ. "ವಾರಾಂತ್ಯದ ಪರಿಣಾಮ" ಎಂದು ಅದಕ್ಕೆ ಹೆಸರಿಟ್ಟು ಸಂಸ್ಥೆಯಲ್ಲಿ ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಒಬ್ಬ ಹಿರಿಯರು ಎದ್ದು ನಿಂತು, "ಇಷ್ಟು ಚೊಕ್ಕದ ಡೇಟಾ ನೋಡಿ ಬಹಳ ದಿನ ಆಗಿತ್ತು" ಎಂದರು.

ಮನೆಯಲ್ಲಿ ಆಗ ಊಟವಾದ ಮೇಲೆ ದಿನಾ ಎರಡೆರಡು ರಸಪುರಿ. ಭಾನುವಾರ ಒಬ್ಬಟ್ಟು, ಸೀಕರಣೆ. ಮನೆತುಂಬ ಮಾವಿನ ವಾಸನೆ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಯಾವ ವಾಸನೆ ಬರಬೇಕು? ನಾನು ಗೊರಟೆ ಚೀಪುತ್ತಾ ಎಥಿಲೀನ್ ಬಗ್ಗೆ ಯೋಚಿಸುತ್ತಿದ್ದೆ. ಈ ವಾಕ್ಯವನ್ನು ಬರೆಯುವಾಗ ನನಗೆ ನನ್ನ ಕಪಾಳಕ್ಕೆ ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ.

ದೊಡ್ಡವರು ಬರುವ ದಿನ ಬಂತು. ಯೋಜನೆಗೆ ಬೆಂಬಲ ಕೊಡುವ ಕಂಪನಿಯಿಂದ ಮೋನಿಕಾ ಎಂಬ ಮೇಡಂ, ಜೊತೆಗೆ ವೀರಬಸಪ್ಪ ಸರ್. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಕೋಣೆಯಲ್ಲಿ ಪೈಪು ಒರೆಸುತ್ತಿದ್ದೆ. ಎದುರು ಮನೆಯ ಅಕ್ಬರಿ ಆಂಟಿ ಬಾಗಿಲಲ್ಲಿ ನಿಂತರು. ಸೊಂಟದ ಮೇಲೆ ಒಂದು ಬುಟ್ಟಿ, ತುಂಬ ಹಸಿರು ಮಾವಿನಕಾಯಿ.

"ಸೊಣ್ಣಮ್ಮ ಇಲ್ವಾ ಬಿಂದು? ನಮ್ದೂ ಸ್ವಲ್ಪ ಇಲ್ಲೇ ಇಟ್ಬಿಡ್ತೀನಿ. ಹೋದ್ಸಲ ಇಟ್ಟಿದ್ದು ಎಂಥಾ ಸಿಹಿ ಆಗಿತ್ತು ಅಂತೀಯ! ನಮ್ ಯಜಮಾನ್ರು, ಇಷ್ಟ್ ದಿನ ಓದಿದ್ದಕ್ಕೂ ಈ ಹುಡುಗಿ ಏನೋ ಮಾಡಿದ್ಲಪ್ಪಾ ಅಂದ್ರು."

"ಏನ್ ಇಟ್ಟಿದ್ದು ಆಂಟಿ?"

"ಹಣ್ಣಮ್ಮಾ. ನಿನ್ ಮಿಷನ್ ಹತ್ರ."

ಮಂಚದ ಕೆಳಗೆ ನೋಡಿದೆ. ಹಳೇ ಬೆಡ್‌ಶೀಟು ಇಳಿಬಿದ್ದಿತ್ತು. ಅಜ್ಜಿಯ ಗಂಟುಮೂಟೆ ಇರಬೇಕು ಎಂದುಕೊಂಡು ನಾನು ಎಂದೂ ಎತ್ತಿ ನೋಡಿರಲಿಲ್ಲ. ಎತ್ತಿದೆ. ಸಾಲಾಗಿ ಬುಟ್ಟಿಗಳು. ಹುಲ್ಲು, ಹುಲ್ಲಿನ ನಡುವೆ ಕೆನ್ನೆ ಹಳದಿಯಾದ ರಸಪುರಿಗಳು. ನನ್ನ ಪೈಪಿನ ಬಾಯಿ ಮೊದಲನೇ ಬುಟ್ಟಿಯ ನೆತ್ತಿಗೇ ಇತ್ತು.

ಮಾವಿನಹಣ್ಣು ಮಾಗುವಾಗ ಎಥಿಲೀನ್ ಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಅಜ್ಜಿಗೆ ಹೇಳಿಕೊಟ್ಟವಳೇ ನಾನು! ಮೊಮ್ಮಗಳ ಮಿಷನ್ನು ಹಣ್ಣು ಮಾಡುತ್ತದೆ ಎಂದು ನಂಬಿ ಅಜ್ಜಿ ಆ ವರ್ಷ ಕಾಯಿಗಳನ್ನು ಅಟ್ಟದ ಮೇಲೆ ಹಾಕದೆ ಇಲ್ಲಿ ತಂದಿಟ್ಟಿದ್ದಳು. ಕಾಯಿಗಳು ತಮ್ಮ ಪಾಡಿಗೆ ಮಾಗಿ, ಎಥಿಲೀನ್ ಬಿಟ್ಟು, ನನ್ನ ಪೈಪಿನಲ್ಲಿ ಹಾದು, ನನ್ನ ಪರದೆಯ ಮೇಲೆ ಗೆರೆಯಾಗಿ ಎದ್ದು ನಿಂತಿದ್ದವು. ಭಾನುವಾರ ಸೀಕರಣೆಗೆಂದು ಹಣ್ಣಾದವನ್ನೆಲ್ಲ ಆರಿಸಿ ತೆಗೆಯುತ್ತಿದ್ದಳು, ಗೆರೆ ಬೀಳುತ್ತಿತ್ತು. ವಾರಾಂತ್ಯದ ಪರಿಣಾಮವಂತೆ! ನನ್ನ ಡೇಟಾವನ್ನು ನಾನೇ ಒಬ್ಬಟ್ಟಿನ ಜೊತೆ ತಿಂದಿದ್ದೆ, ಇನ್ನೊಂದು ಸೌಟು ಹಾಕಮ್ಮ ಎಂದು ಕೇಳಿ ಹಾಕಿಸಿಕೊಂಡು ತಿಂದಿದ್ದೆ.

ಆಂಟಿಯನ್ನು ಹೇಗೋ ಸಾಗಹಾಕಿ ಬುಟ್ಟಿಗಳನ್ನೆಲ್ಲ ಹಿತ್ತಲಿಗೆ ಎಳೆದೆ. ಪೈಪನ್ನು ಕಿಟಕಿಯಾಚೆ ಹಾಕಿದೆ, ಫ್ಯಾನ್ ಹಾಕಿದೆ. ಗೆರೆ ನಿಧಾನವಾಗಿ ಇಳಿಯಿತು. ನೆಲ ಮುಟ್ಟಿ ಅಲ್ಲೇ ಮಲಗಿತು. ಹುಣಸೆಹುಳಿಯ ತಾಮ್ರ ಎಂದಿನಂತೆ ಹೈಡ್ರೋಜನ್ ಮಾಡುತ್ತಾ ಕೂತಿತ್ತು.

ಅಜ್ಜಿ ಹಿತ್ತಲಿನಿಂದ ಕುಂಟುತ್ತಾ ಬಂದಳು. "ಯಾಕೆ ಬುಟ್ಟಿನೆಲ್ಲ ಆಚೆಗಾಕ್ದೆ? ಇನ್ನೂ ಸರಿಯಾಗಿ ಅಣ್ಣಾಗಿಲ್ಲ ಕಣೇ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ಹತ್ತಿರ ಇದ್ದವಳು ಅವಳು. "ನಿನ್ ಹಣ್ಣಿಂದ ಬಂದಿದ್ದಜ್ಜಿ ಅದು! ನನ್ ಮಿಷನ್ ಏನೂ ಮಾಡ್ತಿಲ್ಲ. ಹಣ್ಣಿದ್ರೆ ಗೆರೆ ಏರುತ್ತೆ, ಹಣ್ಣು ತೆಗೆದ್ರೆ ಬೀಳುತ್ತೆ. ಈಗ ಅವ್ರು ಬರ್ತಾರೆ, ನೋಡ್ತಾರೆ, ನನ್ನ ಮನೆಗೆ ಕಳಿಸ್ತಾರೆ. ಸಾಕಾ?"

ಅಜ್ಜಿ ಮಂಚದ ಮೇಲೆ ಕುಸಿದಳು. "ನಾನ್ ಇಟ್ಟಿದ್ದಕ್ಕಾ ಇಂಗಾಗಿದ್ದು?"

ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಸರ್ ಹೊಸ ಶರಟು, ಹೊಸ ಶೂ ಹಾಕಿಕೊಂಡು ಬಂದಿದ್ದರು. ಮೋನಿಕಾ ಮೇಡಂ ನನಗಿಂತ ಚಿಕ್ಕವರು, ನಗುಮುಖದವರು. ಅಮ್ಮ ಹಾಲ್‌ನಲ್ಲಿ ಕೂರಿಸಿ ಕಾಫಿ, ಕೋಡುಬಳೆ ಕೊಟ್ಟಳು. ನಾನು ಸರ್ ಪಕ್ಕಕ್ಕೆ ಹೋಗಿ, "ಸರ್, ಒಂದ್ ಮಾತು" ಎಂದೆ. "ಆಮೇಲಮ್ಮ, ಆಮೇಲೆ" ಎಂದು ಕೈಯಾಡಿಸಿ, ಹುಣಸೆಹಣ್ಣಿನ ಕಥೆಯನ್ನು ಮೇಡಂಗೆ ಎರಡನೇ ಸಲ ಹೇಳತೊಡಗಿದರು. ನಾನು ಕೋಡುಬಳೆ ತಟ್ಟೆ ಹಿಡಿದುಕೊಂಡು ನಿಂತೆ. ಹೇಳುತ್ತೇನೆ, ಕಾಫಿ ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ಕಾಫಿ ಮುಗಿಯಿತು. ಹೇಗೂ ಒಳಗೆ ಹೋದರೆ ಗೆರೆ ಮಲಗಿರುವುದು ಕಾಣುತ್ತದೆ, ಅದೇ ಹೇಳಲಿ ಎಂದು ಹೇಡಿಯ ಹಾಗೆ ಅವರ ಹಿಂದೆ ನಡೆದೆ.

ಒಳಗೆ ಹೋದರೆ ಗೆರೆ ಮುಗಿಲು ಮುಟ್ಟಿತ್ತು.

ಮಂಚದ ಮೇಲೆ ಅಜ್ಜಿ ಕಾಲು ಮಡಚಿ ಕೂತಿದ್ದಳು. ಫ್ಯಾನ್ ಆಫ್. ಕಿಟಕಿ ಮುಚ್ಚಿತ್ತು. ಆ ಸೆಕೆಯಲ್ಲಿ ಅಪ್ಪನ ಉಣ್ಣೆಯ ಶಾಲನ್ನು ಕುತ್ತಿಗೆಯಿಂದ ಕೆಳಗೆ ಪೂರ್ತಿ ಹೊದ್ದಿದ್ದಳು. ಹೊಟ್ಟೆಯ ಮುಂದೆ ಶಾಲು ಬುಟ್ಟಿಯಗಲ ಉಬ್ಬಿತ್ತು. ನಾನು ಕಿಟಕಿಯಾಚೆ ಹಾಕಿದ್ದ ಪೈಪು ಈಗ ಮೇಜಿನಿಂದ ನೇರವಾಗಿ ಬಂದು ಆ ಶಾಲಿನೊಳಗೆ ಹೊಕ್ಕಿತ್ತು. ನೆಟ್ಟಗೆ ನಡೆಯಲಾರದ ಅಜ್ಜಿ, ಹಿತ್ತಲಿನಿಂದ ಬುಟ್ಟಿಯನ್ನು ಹೇಗೆ ಹೊತ್ತು ತಂದಳೋ.

"ವಾವ್, ರಿಪೋರ್ಟಲ್ಲಿ ಇರೋದಕ್ಕಿಂತ ಜಾಸ್ತೀನೇ ಬರ್ತಾ ಇದೆ!" ಎಂದರು ಮೇಡಂ.

ಸರ್ ಎದೆಯುಬ್ಬಿಸಿ ಪರದೆ ನೋಡಿದರು, ಆಮೇಲೆ ಮಂಚದ ಕಡೆ ತಿರುಗಿ ಕೈಮುಗಿದರು. "ನಮಸ್ಕಾರ ಅಜ್ಜಿ. ಏನು, ಚಳೀನಾ?"

"ಜರ ಕಣಪ್ಪ," ಎಂದಳು ಅಜ್ಜಿ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಚಿಕ್ಕವಳಿದ್ದಾಗ ನಾನು ಏನಾದರೂ ಒಡೆದು ಬಂದರೆ, ಅಪ್ಪ ಬೆಲ್ಟು ತೆಗೆಯುವ ಮೊದಲು ಹೀಗೆ ನೋಡುತ್ತಿದ್ದಳು: ನೀನು ಬಾಯಿ ಮುಚ್ಚಿಕೊಂಡಿರು, ನಾನು ನೋಡ್ಕೋತೀನಿ.

ಸುಮ್ಮನಿರೋಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಅನ್ನಿಸಿತು. ಎರಡು ವರ್ಷ ಕೆಲಸ ಸಿಕ್ಕರೆ ಅಷ್ಟರಲ್ಲಿ ನಿಜವಾದ ಎಥಿಲೀನ್ ಬರಿಸಿಬಿಟ್ಟರಾಯಿತು, ಯಾರಿಗೆ ಗೊತ್ತಾಗಬೇಕು ಎಂದು ನನ್ನ ಡಾಕ್ಟರೇಟ್ ತಲೆ ಲೆಕ್ಕ ಹಾಕಿತು. ಅಷ್ಟರಲ್ಲಿ ಮೋನಿಕಾ ಮೇಡಂ, "ಇಂಥದ್ದು ಸಿಟಿಯಲ್ಲಿ ಇನ್ನೂ ಹತ್ತು ಕಡೆ ಇಡೋಣ ಸರ್" ಎಂದರು. ಹತ್ತು ಕಡೆಗೆ ಹತ್ತು ಅಜ್ಜಿಯರನ್ನು ಎಲ್ಲಿಂದ ತರಲಿ ನಾನು? ಅಜ್ಜಿಯ ಉಸಿರು ಜೋರಾಗುತ್ತಿತ್ತು. ಈ ವಯಸ್ಸಿನ ಹೆಂಗಸು ನನ್ನ ಸುಳ್ಳನ್ನು ಮಡಿಲಲ್ಲಿ ಇಟ್ಟುಕೊಂಡು ಬೇಯುತ್ತಿದ್ದಾಳೆ, ನಾನು ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದ್ದೇನೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಕೈ ಚಾಚಿ ಪೆಟ್ಟಿಗೆಯ ಕರೆಂಟು ಆರಿಸಿದೆ. ಪಂಪು ಮಾತ್ರ ಓಡುತ್ತಿತ್ತು.

"ಸರ್, ಕರೆಂಟ್ ಆಫ್ ಮಾಡಿದ್ದೀನಿ."

ಸರ್ ಸ್ವಿಚ್ಚು ನೋಡಿದರು, ಪರದೆ ನೋಡಿದರು. ಗೆರೆ ಏರುತ್ತಲೇ ಇತ್ತು. ಅವರ ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಎಷ್ಟೋ ವರ್ಷಗಳ ನಂತರ ಬಂದಿದ್ದ ನಗು, ಹೋಗಲು ಒಲ್ಲೆ ಎನ್ನುತ್ತಿತ್ತು. ನಾನು ಮಂಚದ ಹತ್ತಿರ ಹೋಗಿ ಶಾಲನ್ನು ಮೆಲ್ಲಗೆ ತೆಗೆದೆ. ಅಜ್ಜಿ ಬಿಗಿಯಾಗಿ ಹಿಡಿದಿದ್ದಳು. "ಬಿಡಜ್ಜಿ," ಎಂದೆ. ಬಿಟ್ಟಳು. ಬುಟ್ಟಿ ವಾಲಿ ಒಂದು ರಸಪುರಿ ಉರುಳಿಕೊಂಡು ಹೋಗಿ ಸರ್ ಅವರ ಹೊಸ ಶೂಗೆ ತಾಗಿ ನಿಂತಿತು.

ಎಲ್ಲ ಹೇಳಿದೆ. ಪೈಪು ಒಳಗೆಳೆದದ್ದು, ಬ್ಲ್ಯಾಂಕ್ ಮತ್ತೆ ಮಾಡದೇ ಇದ್ದದ್ದು, ಭಾನುವಾರದ ಸೀಕರಣೆ. ಮೇಡಂ ತುಟಿ ಕಚ್ಚಿಕೊಂಡು ನಗು ತಡೆದರು, ಒಳ್ಳೆಯವರು. ಸರ್ ಯಾವಾಗಲೂ ನನ್ನನ್ನು ಬರೀ ಬಿಂದು ಎನ್ನುವವರು, ಅಂದು, "ಬಿಂದುಶ್ರೀ ಅವರೇ, ಭಾಷಣ ಬೇರೆ ಮಾಡಿಸಿದ್ದೀನಲ್ರೀ ನಿಮ್ಮ ಕೈಲಿ" ಎಂದರು. ಅಷ್ಟೇ ಅಂದದ್ದು. ಬೈದಿದ್ದರೆ ಒಳ್ಳೆಯದಿತ್ತು. ಹೊರಡುವಾಗ ಅಮ್ಮ, ಏನು ನಡೆಯಿತೆಂದು ಗೊತ್ತಿಲ್ಲದೆ, ಇಬ್ಬರಿಗೂ ಒಂದೊಂದು ಚೀಲ ಹಣ್ಣು ಕೊಟ್ಟಳು. ನಮ್ಮ ಯೋಜನೆಯಿಂದ ಕಂಪನಿಗೆ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಹುದು: ರಸಪುರಿ, ಕಾರ್ಬೈಡ್ ಹಾಕದ್ದು.

ಜೂನ್‌ನಿಂದ ಕೆಲಸ ಇಲ್ಲ ಎಂದು ಆ ವಾರವೇ ಗೊತ್ತಾಯಿತು. ಅಜ್ಜಿ ನನ್ನ ಹತ್ತಿರ ಮಾತು ಬಿಟ್ಟಳು. ಕೊನೆಗೆ ಒಂದು ಸಂಜೆ ತಡೆಯಲಾರದೆ ಶುರುಮಾಡಿದಳು.

"ನಾನ್ ಕೂತಿದ್ನಲ್ಲೇ. ಸುಮ್ಕಿರಕ್ಕೆ ಏನಾಗಿತ್ತು ನಿಂಗೆ?"

"ನೀನು ಎಷ್ಟ್ ದಿನ ಕೂರ್ತಿದ್ದೆ ಅಜ್ಜಿ, ಶಾಲು ಹೊದ್ಕೊಂಡು?"

"ನಿಂಗ್ ಕೆಲ್ಸ ಕೊಡೋಗಂಟ."

ಅವಳ ಪಕ್ಕ ಮಂಚದ ಮೇಲೆ ಕೂತೆ.

"ಅಂಗಾರೆ ಮಿಸನ್ನು ಒಂದ್ ಚೂರೂ ಮಾಡಿಲ್ವಾ? ಅಣ್ಣು ಆಗಿದ್ದು?"

"ಅದು ತಾನಾಗೇ ಆಗುತ್ತಜ್ಜಿ. ಅಟ್ಟದ ಮೇಲಿಟ್ಟಿದ್ರೂ ಆಗ್ತಿತ್ತು."

ಅಜ್ಜಿ ಪೆಟ್ಟಿಗೆಯ ಕಡೆ ನೋಡಿದಳು. "ತಾನಾಗೇ ಆಗೋದು ಅಂತ ಕಂಡುಹಿಡಿಯಕ್ಕೆ ಇಷ್ಟ್ ವರ್ಸ ಓದ್ದಾ?" ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನಿಂದ್ಲೇ ಆಯ್ತು" ಎಂದಳು. ಅಲ್ಲ ಎಂದು ಈ ಸಲ ಹೇಳಿದೆ. ತಡವಾಗಿತ್ತು, ಒಮ್ಮೆ ಹೂಂ ಎಂಬಂತೆ ಸುಮ್ಮನಿದ್ದೆನಲ್ಲ, ಅವಳು ಅದನ್ನೇ ಹಿಡಿದುಕೊಂಡಿದ್ದಳು.

ಪೆಟ್ಟಿಗೆಯನ್ನು ವಾಪಸ್ಸು ಒಯ್ಯಲು ಸಂಸ್ಥೆಯಿಂದ ಟೆಂಪೋ ಬಂತು. ಪಂಪು, ಮೀಟರು, ಹುಣಸೆಹುಳಿಯಲ್ಲಿ ತಿಕ್ಕಿದ ತಗಡು, ಎಲ್ಲ ಹತ್ತಿಸಿದರು. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನುವಂತಿತ್ತು. ಅಕ್ಬರಿ ಆಂಟಿ ದಾಟಿಕೊಂಡು ಬಂದರು.

"ಯಾಕೆ ಸೊಣ್ಣಮ್ಮಾ, ಮಿಷನ್ ಎತ್ಕೊಂಡ್ ಹೋಗ್ತಾ ಇದ್ದಾರೆ? ಕೆಟ್ಟೋಯ್ತಾ?"

ಅಜ್ಜಿ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದಳು. ಬೀದಿಗೆಲ್ಲ ಕೇಳುವ ದನಿಯಲ್ಲಿ ಹೇಳಿದಳು: "ಕೆಡೋದೇನು ಬಂತು! ಕಾರಲ್ಲಿ ದೊಡ್ಡೋರು ಬಂದಿದ್ರಲ್ಲ, ನೋಡಿ ಬೋ ಮೆಚ್ಕಂಡ್ರು. ಇಂಥಾ ಮಿಸನ್ನು ಈ ಚಿಕ್ಕ ಕ್ವಾಣೇಲಿ ಇರಬಾರ್ದು, ದೊಡ್ಡ ಜಾಗದಾಗೆ ಮಡಗ್ತೀವಿ ಅಂತ ತಗೊಂಡೋಗ್ತಾವ್ರೆ. ನಮ್ ಬಿಂದೂನೇ ಅದಕ್ಕೆ ಮೇಲಿನೋಳು ಇನ್ನು."

ಆಂಟಿ ನನ್ನ ಕಡೆ ತಿರುಗಿದರು. "ಹೌದಾ ಬಿಂದು?"

ಅಜ್ಜಿ ನನ್ನನ್ನು ನೋಡಲಿಲ್ಲ. ಈ ಸಲ ಕಣ್ಣಿನಲ್ಲಿ ಆ ಹಳೇ ನೋಟವಿರಲಿಲ್ಲ. ಗೋಡೆಯನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ನಾನು ಮತ್ತೆ ಶಾಲು ಎಳೆದುಬಿಡುತ್ತೇನೇನೋ ಎಂದು.

"ಹೌದು ಆಂಟಿ," ಎಂದೆ. "ಬಹಳ ಮೆಚ್ಚಿಕೊಂಡ್ರು."

ಬಾಯಿ ಸಿಹಿ ಮಾಡದೆ ಬಿಡುವುದಿಲ್ಲ ಎಂದು ಆಂಟಿ ಸಕ್ಕರೆ ತರಲು ಮನೆಯೊಳಗೆ ಓಡಿದರು. ಅಜ್ಜಿ ಗೋಡೆ ಬಿಟ್ಟು ನನ್ನ ಭುಜ ಹಿಡಿದುಕೊಂಡಳು. ಟೆಂಪೋ ತಿರುವು ದಾಟುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.